ಮಂಜುಗಡ್ಡೆಯ ಹಗೇವು ಹುಡುಕುತ್ತ ನಾಲ್ಕು ದಿನ

ಮೊದಲ ದಿನ: ಫಿಲಡೆಲ್ಫಿಯಾ

ಅಮೆರಿಕದ ಈ ಪ್ರವಾಸಕ್ಕೆ ಜೂನ್ ಮೊದಲ ವಾರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1784ರ ಜೂನ್ 2ರಂದು ಜಾರ್ಜ್ ವಾಷಿಂಗ್ಟನ್ ವರ್ಜೀನಿಯಾದ ತನ್ನ ಮೌಂಟ್ ವರ್ನನ್ ಎಸ್ಟೇಟಿನಿಂದ ಫಿಲಡೆಲ್ಫಿಯಾದ ವ್ಯಾಪಾರಿ ರಾಬರ್ಟ್ ಮಾರಿಸ್‌ಗೆ ಒಂದು ಕಾಗದ ಬರೆದ. ಐಸ್ ಹೌಸ್ (ಚಳಿಗಾಲದ ಮಂಜುಗಡ್ಡೆಯನ್ನು ಬೇಸಿಗೆಗೆ ಕೂಡಿಡುವ ಗುಂಡಿಮನೆ) ತುಂಬಿಸಿದ್ದೆ, ಆಗಲೇ ಎಲ್ಲ ಕರಗಿಹೋಗಿದೆ; ತುಂಬಿದ್ದು ಹೆಚ್ಚಾಗಿ ಹಿಮ, ಅದಕ್ಕೇ ಹೀಗಾಯಿತೋ ಏನೋ; ನಿಮ್ಮದರ ಅಳತೆ, ಕಟ್ಟಿದ ಬಗೆ, ನೋಡಿಕೊಳ್ಳುವ ಕ್ರಮ ಬರೆಸಿ ಕಳಿಸಿ ಎಂಬುದು ಅದರ ತಿರುಳು. ಯುದ್ಧ ಗೆದ್ದು, ಹಿಂದಿನ ಡಿಸೆಂಬರಿನಲ್ಲಷ್ಟೇ ಊರಿಗೆ ಮರಳಿದ್ದ ಸೇನಾಪತಿ ಬೇಸಿಗೆ ಶುರುವಾಗುವ ಮೊದಲೇ ಮಂಜುಗಡ್ಡೆ ಕಳೆದುಕೊಂಡು ಕೂತಿದ್ದ. ಅದೇ ವಾರದಲ್ಲಿ, ಅದೇ ಸೆಕೆಯಲ್ಲಿ, ಆ ಕಾಲದ ಐಸ್ ಹೌಸ್‌ಗಳನ್ನು ನೋಡಿದರೆ ಅವು ಏನು ಮಾಡಬೇಕಿತ್ತು ಎಂಬುದು ಮೈಗೇ ತಿಳಿಯುತ್ತದೆ.

ಮಾರಿಸ್‌ನ ಮನೆ ಇದ್ದದ್ದು ಈಗಿನ ಮಾರ್ಕೆಟ್ ಸ್ಟ್ರೀಟ್ ಮತ್ತು ಆರನೇ ರಸ್ತೆ ಕೂಡುವ ಮೂಲೆಯಲ್ಲಿ. 1790ರಿಂದ 1797ರವರೆಗೆ ಅಧ್ಯಕ್ಷನಾಗಿ ವಾಷಿಂಗ್ಟನ್ ಇದ್ದದ್ದೂ ಇದೇ ಮನೆಯಲ್ಲಿ. ಮನೆ ಈಗಿಲ್ಲ. ಗೋಡೆಗಳಿದ್ದ ಜಾಗದಲ್ಲಿ ಇಟ್ಟಿಗೆಯ ಚೌಕಟ್ಟುಗಳನ್ನು ನಿಲ್ಲಿಸಿದ್ದಾರೆ, ಹಳೆಯ ಅಡಿಪಾಯ ಕಾಣುವಂತೆ ನೆಲದಲ್ಲಿ ಗಾಜು ಹಾಕಿದ್ದಾರೆ. ಲಿಬರ್ಟಿ ಬೆಲ್ ಎಂಬ ಹೆಸರಾಂತ ಗಂಟೆಯನ್ನು ಇಟ್ಟಿರುವ ಪಕ್ಕದ ಕಟ್ಟಡ ಕಟ್ಟುವ ಮುನ್ನ 2000ದಲ್ಲಿ ಅಗೆದಾಗ ಎಂಟು ಮೂಲೆಯ ಕಲ್ಲುಗೋಡೆಯ ಗುಂಡಿಯೊಂದು ಸಿಕ್ಕಿತು. ಅದೇ ಮಾರಿಸ್‌ನ ಐಸ್ ಹೌಸಿನ ತಳ. ಅದು ಇವತ್ತು ಕಣ್ಣಿಗೆ ಕಾಣುವುದಿಲ್ಲ. ಗಂಟೆ ನೋಡಲು ಸಾಲು ನಿಂತವರ ಕಾಲ ಕೆಳಗೆಲ್ಲೋ ಇದೆ ಎಂದುಕೊಂಡು ನಿಲ್ಲಬೇಕು, ಅಷ್ಟೆ. ಹಾಗಾದರೆ ಇಲ್ಲಿಂದಲೇ ಏಕೆ ಶುರು ಮಾಡಬೇಕು? ಇದೇ ಗುಂಡಿಯನ್ನು ವಿವರಿಸಿ ಮಾರಿಸ್ ಜೂನ್ 15ಕ್ಕೆ ಉತ್ತರ ಬರೆದ. ಆ ಉತ್ತರ ಒಂದು ಕೈಪಿಡಿಯಷ್ಟು ಪಕ್ಕಾ ಇದೆ. ಮುಂದಿನ ಮೂರು ದಿನ ನೋಡುವ ಪ್ರತಿ ಗುಂಡಿಯ ಮುಂದೆ ಅದನ್ನು ನೆನಪಿಗೆ ತಂದುಕೊಂಡರೆ ಕಲ್ಲು ಇಟ್ಟಿಗೆಗಳು ಮಾತಾಡತೊಡಗುತ್ತವೆ.

ಅವನ ಲೆಕ್ಕ ಹೀಗಿದೆ. ಗುಂಡಿ 18 ಅಡಿ ಆಳ, 16 ಅಡಿ ಚೌಕ (ಅಗೆದಾಗ ಸಿಕ್ಕಿದ್ದು ಎಂಟು ಮೂಲೆಯದಾದರೂ ಅವನು ಬರೆದದ್ದು ಹೀಗೆ). ತಳದಲ್ಲಿ ದಪ್ಪ ಜಲ್ಲಿ, ಕರಗಿದ ನೀರು ಕೂಡಲೇ ಇಂಗಿಹೋಗುತ್ತದೆ. ತಳ ಜೇಡಿಮಣ್ಣಾಗಿದ್ದರೆ ಬಸಿಗಾಲುವೆ ತೋಡಲೇಬೇಕು; ಆದ್ದರಿಂದಲೇ ಗುಡ್ಡದ ಇಳಿಜಾರು ಒಳ್ಳೆಯದು, ತಳದಿಂದ ಹೊರಕ್ಕೆ ಕಾಲುವೆ ತೆಗೆಯುವುದು ಸಲೀಸು. ಒಳಗೋಡೆಗೆ ಗಾರೆ ಇಲ್ಲ, ಬರಿಯ ಕಲ್ಲಿನ ಮೇಲೆ ಕಲ್ಲು. ನೆಲಮಟ್ಟಕ್ಕೆ ಒಂದೂವರೆ ಅಡಿ ಉಳಿದಾಗ ಮಾತ್ರ ಗಾರೆ. ಅದರಿಂದ ಎರಡಡಿ ಹಿಂದೆ ಸರಿದು ಇನ್ನೊಂದು ಅಡಿಪಾಯ, ಅದರ ಮೇಲೆ ನೆಲದಿಂದ 10 ಅಡಿ ಎತ್ತರದ ದಪ್ಪ ಗೋಡೆ, ಮೇಲೆ ಸೂರು. ಸೂರಿನ ಕೆಳಗೆ ಹಲಗೆಯ ಮುಚ್ಚಿಗೆ, ಎರಡರ ನಡುವೆ ಒಣಹುಲ್ಲು. ಗುಂಡಿಯ ಬಾಯಿಗೆ ತೊಲೆ ಹಾಸಿ ಹಲಗೆಯ ನೆಲ, ಅದರಡಿಗೂ ಮುಚ್ಚಿಗೆ, ನಡುವೆ ಮತ್ತೆ ಒಣಹುಲ್ಲು. ಬಾಗಿಲು ಉತ್ತರಕ್ಕೆ. ಮಂಜುಗಡ್ಡೆ ಇಳಿಸುವುದೂ ಎತ್ತುವುದೂ ನೆಲದ ನಡುವಿನ ಕಿಂಡಿಯಿಂದ. ತಳದಲ್ಲಿ ಎರಡಡಿಯ ಮರದ ತುಂಡುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಬೇಲಿಯ ಗಳುಗಳನ್ನು ಸಾಲಾಗಿ ಜೋಡಿಸಿ ಅಟ್ಟಣೆ ಮಾಡಿದ್ದ. ಗಡ್ಡೆ ಕೆಳಗೆ ಬೀಳಬಾರದು, ನೀರು ಮಾತ್ರ ಸೋರಬೇಕು, ಸೋರಿದ ನೀರು ಗಡ್ಡೆಗೆ ಮತ್ತೆ ತಾಗಬಾರದು. ತಾಗಿತೋ, ಗಡ್ಡೆ ವಿಪರೀತ ಸವೆಯುತ್ತದೆ ಎನ್ನುತ್ತಾನೆ.

ಇದನ್ನು ಓದಿದ ಉತ್ತರ ಕರ್ನಾಟಕದವರಿಗೆ ಹಗೇವು, ಧಾನ್ಯ ಕೂಡಿಡುವ ನೆಲದ ಗುಂಡಿ, ನೆನಪಾಗದೆ ಇರದು. ಜೋಳ ತುಂಬುವ ಹಗೇವಿಗೂ ಒಳಮೈಗೆ ಹುಲ್ಲು, ಬಾಯಿಗೆ ಬಂಡೆ, ಮೇಲೆ ಮಣ್ಣು. ಹಗೇವು ಕೆಡುವುದೂ ಕೆಳಗಿನಿಂದಲೇ, ತಳಕ್ಕೆ ತೇವ ಹತ್ತಿದಾಗ. ಬಿಸಿಲು ಮೇಲಿನಿಂದ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದೇ ಶತ್ರು ಎಂದುಕೊಳ್ಳುತ್ತೇವೆ. ಐಸ್ ಹೌಸ್ ನಡೆಸಿದವರು ರಾತ್ರಿ ಹಗಲು ಹೆದರಿದ್ದು ತಳದಲ್ಲಿ ನಿಲ್ಲುವ ನೀರಿಗೆ.

ಬೀದಿಯಲ್ಲಿ ಸಿಗುವ ನಿಂಬೆಯ ವಾಟರ್ ಐಸ್ ಈ ಊರಿನ ಬೇಸಿಗೆಯ ತಿಂಡಿ. ಹಾಲಿಲ್ಲ, ಮೊಟ್ಟೆಯಿಲ್ಲ, ಸಕ್ಕರೆ, ನಿಂಬೆರಸ, ನೀರು ಸೇರಿಸಿ ತಿರುಗಿಸುತ್ತ ಹೆಪ್ಪುಗಟ್ಟಿಸಿದ್ದು. ನಿಧಾನಕ್ಕೆ ತಿನ್ನಬೇಕು, ಅವಸರ ಮಾಡಿದರೆ ಹಣೆ ಜುಮ್ಮೆನ್ನುತ್ತದೆ. ಕಪ್ಪಿನ ತಳದಲ್ಲಿ ಕರಗಿ ನಿಂತ ಸಿಹಿನೀರನ್ನು ಕುಡಿಯುತ್ತ ಮಾರಿಸ್‌ನ ಅಟ್ಟಣೆಯ ಮಾತನ್ನೇ ಮತ್ತೆ ಆಡಿಕೊಂಡೆವು.

ಎರಡನೇ ದಿನ: ಅಲೆಕ್ಸಾಂಡ್ರಿಯಾ, ಮೌಂಟ್ ವರ್ನನ್

ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ಪೊಟೊಮ್ಯಾಕ್ ನದಿಯ ದಡದ ಅಲೆಕ್ಸಾಂಡ್ರಿಯಾ. ಹಳೆಯ ಪೇಟೆಯ ಕಾಲುದಾರಿಗಳೆಲ್ಲ ಇಟ್ಟಿಗೆಯವು. ಮರದ ಬೇರು ಎತ್ತಿದ ಕಡೆ ಎಡವುವುದು ಖಚಿತ, ತೆಳು ಚಪ್ಪಲಿ ಬೇಡ. ಜೂನ್ ಆದ್ದರಿಂದ ಕೆಲವು ಮರಗಳ ಕೆಳಗೆ ಹಿಪ್ಪುನೇರಳೆ ಹಣ್ಣು ಬಿದ್ದು ಇಟ್ಟಿಗೆ ನೇರಳೆಯಾಗಿತ್ತು. ದಾರಿಹೋಕರು ತುಳಿದುಕೊಂಡು ಹೋಗುತ್ತಾರೆ. ನಾವು ಆರಿಸಿ ತಿನ್ನುವುದನ್ನು ನೋಡಿ ನಾಯಿ ಹಿಡಿದಿದ್ದ ಹೆಂಗಸೊಬ್ಬರು ನಿಂತರು. “ಅದನ್ನು ತಿನ್ನಬಹುದಾ?” ಎಂದು ಕೇಳಿ, ಒಂದು ಬಾಯಿಗಿಟ್ಟು, ಮತ್ತೆ ನಾಲ್ಕು ಕಿತ್ತುಕೊಂಡು ಹೋದರು.

ರಾಯಲ್ ಮತ್ತು ಕ್ಯಾಮರನ್ ರಸ್ತೆಗಳ ಮೂಲೆಯಲ್ಲಿ ಗ್ಯಾಡ್ಸ್‌ಬಿ ಟ್ಯಾವರ್ನ್ ಇದೆ. 1792ರಲ್ಲಿ ಕಟ್ಟಿದ ದೊಡ್ಡ ಹೋಟೆಲು. ಅದರ ಐಸ್ ಬಾವಿ ಕಾಲುದಾರಿಯ ಅಡಿಯಲ್ಲೇ ಇದೆ, ಸುಮಾರು 17 ಅಡಿ ಅಗಲದ ಇಟ್ಟಿಗೆಯ ದುಂಡು ಗುಂಡಿ. ಟಿಕೆಟ್ಟಿಲ್ಲ, ಬೀದಿಯಿಂದಲೇ ಗಾಜಿನ ಮೂಲಕ ನೋಡಬಹುದು. ನಡುಹಗಲಲ್ಲಿ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ. ಹಣೆಯನ್ನು ಗಾಜಿಗೆ ಒತ್ತಿ, ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಒಳಗಿನ ಇಟ್ಟಿಗೆಯ ಸುತ್ತುಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಬೆಳಕು ಓರೆಯಾದ ಮೇಲೆ, ಸಂಜೆ ಹೋಗುವುದು ಒಳ್ಳೆಯದು.

ಗುಂಡಿ ದುಂಡಗೇ ಏಕೆ? ಸುತ್ತಲ ಮಣ್ಣು ಒಳಕ್ಕೆ ಒತ್ತಿದಷ್ಟೂ ದುಂಡುಗೋಡೆಯ ಇಟ್ಟಿಗೆಗಳು ಒಂದಕ್ಕೊಂದು ಬಿಗಿಯಾಗುತ್ತವೆ, ನಮ್ಮ ಬಾವಿಗಳ ಹಾಗೆಯೇ. ಇನ್ನೊಂದು ಲಾಭ, ಅಷ್ಟೇ ಗಡ್ಡೆಗೆ ದುಂಡು ಗುಂಡಿಯಲ್ಲಿ ಗೋಡೆಯ ಮೈ ಕಡಿಮೆ, ಮೂಲೆಗಳಿಲ್ಲ. ಕರಗುವುದು ಗೋಡೆಗೆ ತಾಗಿದ ಅಂಚಿನಿಂದಲೇ ಶುರು ಎಂದು ಮಾರಿಸ್ ಕಂಡುಕೊಂಡಿದ್ದ. ಗೋಡೆಗೂ ಗಡ್ಡೆಗೂ ನಡುವೆ ಹುಲ್ಲು ಒತ್ತಿದ್ದರೆ ಇನ್ನೂ ಉಳಿಯುತ್ತಿತ್ತು ಎಂದೂ ಬರೆದಿದ್ದಾನೆ. ನೆಲದಾಳ ತಂಪು ಎಂಬ ಮಾತು ಅರ್ಧ ನಿಜ. ಈ ಸೀಮೆಯಲ್ಲಿ ಇಪ್ಪತ್ತು ಅಡಿ ಕೆಳಗೆ ವರ್ಷವಿಡೀ ಸುಮಾರು 13 ಡಿಗ್ರಿ ಸೆಲ್ಸಿಯಸ್. ನಮಗದು ತಂಪು, ಸೊನ್ನೆ ಡಿಗ್ರಿಯ ಮಂಜುಗಡ್ಡೆಗೆ ಅದೂ ಬಿಸಿ. ಮಣ್ಣಿನ ಈ ಬಿಸಿಯನ್ನು ತಡೆಯುವುದು ಹುಲ್ಲು, ಹುಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ. ಹುಲ್ಲು ಒದ್ದೆಯಾದರೆ ಆ ಗಾಳಿ ಹೋಗಿ ನೀರು ಕೂರುತ್ತದೆ. ನಿಶ್ಚಲ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಬಿಸಿ ಸಾಗಿಸುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಅಲೆಕ್ಸಾಂಡ್ರಿಯಾದಿಂದ ಮೌಂಟ್ ವರ್ನನ್‌ಗೆ ನದಿಯ ಪಕ್ಕದ ಪಾರ್ಕ್‌ವೇ ಹಿಡಿಯಬೇಕು. ಉದ್ದಕ್ಕೂ ಮರಗಳ ನೆರಳು, ಜೊತೆಗೇ ಸೈಕಲ್ ದಾರಿ. ಈ ಎಸ್ಟೇಟು ಸರ್ಕಾರದ್ದಲ್ಲ. ಆ್ಯನ್ ಪಮೇಲಾ ಕನಿಂಗ್‌ಹ್ಯಾಮ್ ಕಟ್ಟಿದ ಮಹಿಳಾ ಸಂಘವೊಂದು 1858ರಲ್ಲಿ ಎರಡು ಲಕ್ಷ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡು, ಇವತ್ತಿಗೂ ಅದೇ ಸಂಘ ನೋಡಿಕೊಳ್ಳುತ್ತಿದೆ. ಮನೆಯೊಳಗಿನ ಸುತ್ತಿಗೆ ಗೊತ್ತಾದ ಹೊತ್ತಿನ ಟಿಕೆಟ್ಟು. ಐಸ್ ಹೌಸಿಗಾಗಿ ಹೋಗುವವರು ಆ ಹೊತ್ತನ್ನು ಆದಷ್ಟು ತಡವಾಗಿ ಇಟ್ಟುಕೊಂಡರೆ ಮೊದಲು ತೋಟ, ಇಳಿಜಾರು, ಹೊರಮನೆಗಳನ್ನು ಸಮಾಧಾನವಾಗಿ ನೋಡಬಹುದು.

ನದಿ ಕಡೆಯ ಜಗಲಿಯಲ್ಲಿ ಕುರ್ಚಿಗಳನ್ನು ಹಾಕಿರುತ್ತಾರೆ, ಯಾರು ಬೇಕಾದರೂ ಕೂರಬಹುದು. ಕೆಳಗೆ ಅಗಲವಾದ ಪೊಟೊಮ್ಯಾಕ್, ಆಚೆ ದಡದಲ್ಲಿ ಬರೀ ಕಾಡು. ಆ ಇಳಿಜಾರೇ ಮಾರಿಸ್ ಹೇಳಿದ ಇಳಿಜಾರು. ಇಟ್ಟಿಗೆಯ ಕಮಾನು ಹೊತ್ತ ಐಸ್ ಹೌಸ್ ಮೊದಲ ನೋಟಕ್ಕೆ ದಿಬ್ಬದ ಹಾಗಿದೆ, ಜನ ಗಮನಿಸದೆ ಸಮಾಧಿಯ ಕಡೆ ಹೋಗಿಬಿಡುತ್ತಾರೆ. ಕೆಳಗೆ ನದಿ ನೋಡಿ, ಮೇಲಕ್ಕೆ ಈ ಕಮಾನು ನೋಡಿ, ನಡುವಿನ ಏರನ್ನು ಕಣ್ಣಲ್ಲೇ ಅಳೆಯಿರಿ. ಜನವರಿಯಲ್ಲಿ ನದಿ ಕೆಲವೇ ದಿನ ಗಟ್ಟಿಯಾಗುತ್ತಿತ್ತು. ಆ ದಿನಗಳಲ್ಲಿ ಕೊಡಲಿ, ಉಳಿ ಹಿಡಿದು ನೀರಿನ ಮೇಲೆ ನಿಂತವರು, ಗಡ್ಡೆಯನ್ನು ಈ ಏರಿಗೆ ಎಳೆದವರು, ಗುಂಡಿಯೊಳಗೆ ನಿಂತು ಕುಟ್ಟಿದವರು ಎಲ್ಲರೂ ಗುಲಾಮರು. ವಾಷಿಂಗ್ಟನ್ ತೀರಿಕೊಂಡ 1799ರಲ್ಲಿ ಈ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಸಮಾಧಿಗೆ ಹೋಗುವ ದಾರಿಯಲ್ಲಿ ಅವರ ಸ್ಮಾರಕವಿದೆ, ಅದನ್ನು ಬಿಟ್ಟು ಬರಬಾರದು.

ಕುಟ್ಟುವುದು ಏಕೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ವಾಷಿಂಗ್ಟನ್ ಎಡವಿದ್ದು ಇಲ್ಲಿಯೇ. ಆಗಷ್ಟೇ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿ. ತುಳಿದು ಒತ್ತಿದರೂ ಅದೇ ಗುಂಡಿಗೆ ಮಂಜುಗಡ್ಡೆಯ ಅರ್ಧದಷ್ಟು ತೂಕ ಹಿಡಿದರೆ ಹೆಚ್ಚು. ಒಂದು ಕಿಲೋ ಕರಗಿಸಲು ಬೇಕಾದ ಬಿಸಿ ಹಿಮವಾದರೂ ಗಡ್ಡೆಯಾದರೂ ಒಂದೇ, 80 ಕಿಲೋಕ್ಯಾಲರಿ. ಅರ್ಧ ತೂಕ ಇಟ್ಟವನಿಗೆ ಅರ್ಧ ಕಾಲ. ಮಾರಿಸ್ ಕೂಡ ಒಂದು ವರ್ಷ ಹಿಮ ತುಂಬಿ ಜೂನಿನಲ್ಲೇ ಕಳೆದುಕೊಂಡಿದ್ದ. ಅವನ ಸಲಹೆ: ಗಡ್ಡೆಯನ್ನು ಸಣ್ಣಸಣ್ಣ ಚೂರು ಮಾಡಿ, ರಸ್ತೆಗೆ ಕಲ್ಲು ಹಾಸುವವರು ಹಿಡಿಯುವಂಥ ಭಾರದ ದಮ್ಮಸಿನಿಂದ ಪದರ ಪದರವಾಗಿ ಕುಟ್ಟಬೇಕು. ಚೂರುಗಳ ನಡುವಿನ ಸಂದು ಮುಚ್ಚಿ, ಕೆಲವು ದಿನಗಳಲ್ಲಿ ಎಲ್ಲವೂ ಒಂದೇ ಬಂಡೆಯಾಗುತ್ತದೆ. ಆಮೇಲೆ ಉಳಿಯಿಂದಲೋ ಕೊಡಲಿಯಿಂದಲೋ ಕಡಿದೇ ತೆಗೆಯಬೇಕು. ಅಟ್ಟಣೆಯ ಎರಡಡಿ ಬಿಟ್ಟರೆ ಅವನ ಗುಂಡಿಯಲ್ಲಿ ಉಳಿಯುವುದು 16 ಅಡಿ ಘನ. ಪೂರ್ತಿ ಗಟ್ಟಿಯಾದರೆ ಅದು 100 ಟನ್ ದಾಟುತ್ತದೆ. ಹೀಗೆ ಮಾಡಿದ್ದು ಅಕ್ಟೋಬರ್, ನವೆಂಬರ್‌ವರೆಗೆ ಬರುತ್ತದೆ, ಗುಂಡಿ ಇನ್ನೂ ದೊಡ್ಡದಿದ್ದರೆ ಕ್ರಿಸ್ಮಸ್‌ವರೆಗೂ ಬಂದೀತು ಎಂದು ಬರೆದಿದ್ದಾನೆ. ಆ ಊಹೆ ಸರಿಯಾದದ್ದೇ. ಗುಂಡಿಯ ಉದ್ದ, ಅಗಲ, ಆಳ ಎರಡು ಪಟ್ಟಾದರೆ ಗಡ್ಡೆ ಎಂಟು ಪಟ್ಟಾಗುತ್ತದೆ, ಬಿಸಿ ಒಳಬರುವ ಮೈ ನಾಲ್ಕೇ ಪಟ್ಟು.

ಎಸ್ಟೇಟಿನ ಊಟದ ಮನೆಯಲ್ಲಿ ಕಡಲೆಕಾಯಿ ಸೂಪು ಹೆಸರುವಾಸಿ. ಸಸ್ಯಾಹಾರಿಗಳು ಅದನ್ನು ಕೋಳಿಯ ಸಾರಿನಲ್ಲಿ ಮಾಡಿದ್ದಾರೆಯೇ ಎಂದು ಕೇಳಿಯೇ ತರಿಸಿಕೊಳ್ಳಬೇಕು.

ಮೂರನೇ ದಿನ: ಕೆಮ್ಮಣ್ಣಿನ ದಾರಿ, ಮಾಂಟ್ಪಿಲಿಯರ್

ಅಲೆಕ್ಸಾಂಡ್ರಿಯಾದಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿ 95 ಶುಕ್ರವಾರ ಮಧ್ಯಾಹ್ನದ ನಂತರ ನಿಂತ ನೀರು. ಬೆಳಗ್ಗೆ ಏಳರೊಳಗೆ ದಾಟಿಬಿಡಬೇಕು. ಫ್ರೆಡ್ರಿಕ್ಸ್‌ಬರ್ಗ್‌ನಲ್ಲಿ ಹೆದ್ದಾರಿ ಬಿಟ್ಟು ರೂಟ್ 3ರಲ್ಲಿ ಪಶ್ಚಿಮಕ್ಕೆ ತಿರುಗಿ, ವಿಲ್ಡರ್ನೆಸ್ ಎಂಬಲ್ಲಿ ರೂಟ್ 20 ಹಿಡಿದರೆ ದೇಶವೇ ಬದಲಾಗುತ್ತದೆ. ಎರಡೇ ಸಾಲಿನ ರಸ್ತೆ, ಏರಿಳಿತ, ದನದ ಹುಲ್ಲುಗಾವಲು, ಆಚೆ ದೂರಕ್ಕೆ ಬ್ಲೂ ರಿಡ್ಜ್ ಬೆಟ್ಟದ ನೀಲಿ ಗೆರೆ. ರಸ್ತೆ ಕಡಿದ ದಿಬ್ಬಗಳಲ್ಲೆಲ್ಲ ಕೆಮ್ಮಣ್ಣು. ಮಲೆನಾಡಿನ ಕಡೆಯವರಿಗೆ ಊರಿನ ದಾರಿಯೇ ಅನಿಸುವಷ್ಟು ಕೆಂಪು.

ಈ ಕೆಂಪಿನಲ್ಲಿ ಐಸ್ ಹೌಸಿನ ಸಮಸ್ಯೆ ಇದೆ. ಇದು ಜೇಡಿ. ಫಿಲಡೆಲ್ಫಿಯಾದ ಜಲ್ಲಿಯ ಹಾಗೆ ನೀರು ಕುಡಿಯುವುದಿಲ್ಲ.

ಆರೆಂಜ್ ಊರಿನ ಹೊರಗೆ ಪೆಟ್ರೋಲು ಹಾಕಿಸುವ ಅಂಗಡಿಯಲ್ಲಿ ಐಸ್ ಚೀಲ ಕೊಂಡೆವು, ಹತ್ತು ಪೌಂಡಿನದು. ಹಿಂದಿನ ದಿನ ಊಟ ತಂಪಾಗಿಡುವ ಪೆಟ್ಟಿಗೆಯಲ್ಲಿ ಚೀಲವನ್ನು ಹಾಗೇ ಇಟ್ಟಿದ್ದರಿಂದ ಸಂಜೆಗೆ ನಾಲ್ಕು ಬೆರಳು ನೀರು ನಿಂತು, ಮೊಸರನ್ನದ ಡಬ್ಬಿಯೊಳಕ್ಕೂ ಹೊಕ್ಕಿತ್ತು. ಈ ಸಲ ತಳಕ್ಕೆ ಒಂದು ತಂತಿಯ ಜಾಲರಿ ಇಟ್ಟು, ಡಬ್ಬಿಗಳನ್ನು ಮೇಲೆ ಕೂರಿಸಲಾಯಿತು. ನೋಡುತ್ತ ನಿಂತಿದ್ದ ಮುದುಕರೊಬ್ಬರು ತಾವಾಗಿ ಮಾತಿಗೆ ಬಂದರು. “ನಮ್ಮ ತಾತನ ಹೊಲದಲ್ಲಿ ಇಂಥದೇ ಇತ್ತು, ಆದರೆ ಕೋಣೆಯಷ್ಟು ದೊಡ್ಡದು. ಕೆರೆ ನಾಲ್ಕು ಬೆರಳು ಗಟ್ಟಿಯಾದರೆ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ.” ಹುಲ್ಲು ಹಾಕುತ್ತಿದ್ದರೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದರು. “ಹುಲ್ಲು ಕೊಳೆಯುತ್ತದೆ. ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ತರುತ್ತಿದ್ದರು.” ನಾಲ್ಕು ಬೆರಳು, ಅಂದರೆ ಮೂರು ನಾಲ್ಕು ಇಂಚು. ಮಂಜುಗಡ್ಡೆಯ ಮೇಲೆ ಆಳು ನಡೆಯಲು ನಾಲ್ಕು ಇಂಚು ಬೇಕೆನ್ನುವುದು ಇಂದಿಗೂ ಇಲ್ಲಿನ ಎಚ್ಚರಿಕೆಯ ಲೆಕ್ಕ. ಅದಕ್ಕಿಂತ ತೆಳುವಾದಾಗ ದಡದಿಂದಲೇ ಕೊಕ್ಕೆ ಹಾಕಿ ಎಳೆಯಬೇಕು.

ಗಡ್ಡೆ ಉಳಿಸುವ ಈ ಕಥೆ ನಮ್ಮ ಕಡಲಿಗೂ ಬಂದು ಮುಟ್ಟುತ್ತದೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರ ಮೇ ತಿಂಗಳಲ್ಲಿ 180 ಟನ್ ಮಂಜುಗಡ್ಡೆಯನ್ನು ಕಲ್ಕತ್ತಕ್ಕೆ ಹಡಗಿನಲ್ಲಿ ಕಳಿಸಿದ. ನಾಲ್ಕು ತಿಂಗಳು, ಎರಡು ಸಲ ಭೂಮಧ್ಯರೇಖೆ ದಾಟಿ, ಸುಮಾರು 100 ಟನ್ ಉಳಿದಿತ್ತು. ಅದೇ ವ್ಯಾಪಾರಕ್ಕೆಂದು 1842ರಲ್ಲಿ ಎದ್ದದ್ದು ಮದರಾಸಿನ ಕಡಲತೀರದ ಐಸ್ ಹೌಸ್. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದು ಅಲ್ಲೇ. ಅದಕ್ಕೂ ಮೊದಲು ಅಲಹಾಬಾದಿನಲ್ಲಿ ಬೇರೆ ಬಗೆ ಇತ್ತು. ಸುಮಾರು 30 ಅಡಿ ಚೌಕ, ಎರಡಡಿ ಆಳದ ಗುಂಡಿಗೆ ಒಣ ಕಬ್ಬಿನ ಜಲ್ಲೆ ಹರಡಿ, ಅದರ ಮೇಲೆ ಬೆರಳಗಲ ಆಳದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ, ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಅದು ಹೆಪ್ಪುಗಟ್ಟುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಅಲ್ಲಿಯೂ ಜಲ್ಲೆಯ ಕೆಲಸ ಒಂದೇ, ನೆಲದ ಬಿಸಿ ತಟ್ಟೆಗೆ ಹತ್ತದಂತೆ ಬೇರೆ ಇಡುವುದು.

ಮಾಂಟ್ಪಿಲಿಯರ್ ಅಮೆರಿಕದ ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ನ ಎಸ್ಟೇಟು. ಅವನ ನಂತರ ಹಲವು ಕೈ ದಾಟಿ, 1901ರಿಂದ ಡುಪಾಂಟ್ ಕುಟುಂಬದ ಖಾಸಗಿ ಬಂಗಲೆಯಾಗಿ, 1984ರಲ್ಲಿ ಪರಂಪರೆ ಉಳಿಸುವ ಖಾಸಗಿ ಟ್ರಸ್ಟಿನ ಕೈಗೆ ಬಂತು. ಗೇಟಿನ ಹತ್ತಿರ 1910ರ ಪುಟ್ಟ ರೈಲು ನಿಲ್ದಾಣವಿದೆ. ಬಿಳಿಯರಿಗೊಂದು, ಕರಿಯರಿಗೊಂದು ಕಾಯುವ ಕೋಣೆ, ಎರಡನ್ನೂ ಇದ್ದಂತೆಯೇ ಉಳಿಸಿದ್ದಾರೆ. ಒಳಗೆ ಹೋದರೆ ಕುದುರೆ ಓಟದ ಬಯಲು, ಒಂಟಿ ದೊಡ್ಡ ಮರಗಳು, ಕಾಡಿನ ಕಾಲುದಾರಿಗಳು. ಜೂನಿನಲ್ಲಿ ಎತ್ತರದ ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ, ಸಂಜೆ ಮೊಣಕಾಲ ಹಿಂದೆ, ಸೊಂಟದ ಪಟ್ಟಿಯಡಿ ನೋಡಿಕೊಳ್ಳಿ.

ಮನೆಯ ಉತ್ತರ ಬದಿಯ ಹುಲ್ಲಿನಲ್ಲಿ ಒಂದು ಮಂಟಪ. ಹತ್ತು ದುಂಡು ಕಂಬ, ಮೇಲೆ ಗುಮ್ಮಟ, ಸುತ್ತ ಗೋಡೆಯಿಲ್ಲ. ಇಲ್ಲಿ ಎಲ್ಲರೂ ಇದನ್ನು ‘ಟೆಂಪಲ್’ ಎನ್ನುತ್ತಾರೆ. ಮದುವೆಯ ಫೋಟೊಗೆ ಹೇಳಿಮಾಡಿಸಿದಂತಿದೆ. ಮಂಟಪದ ನೆಲದ ಕೆಳಗೆ ಸುಮಾರು 24 ಅಡಿ ಆಳದ ಐಸ್ ಹೌಸ್ ಇದೆ ಎಂದು ಹೇಳದಿದ್ದರೆ ತಿಳಿಯುವುದೇ ಇಲ್ಲ. ಮ್ಯಾಡಿಸನ್ ಅಧ್ಯಕ್ಷನಾಗಿದ್ದಾಗ, 1810ರ ಆಸುಪಾಸಿನಲ್ಲಿ, ಇದನ್ನು ಕಟ್ಟಿದವರು ಜೇಮ್ಸ್ ಡಿನ್ಸ್‌ಮೋರ್ ಮತ್ತು ಜಾನ್ ನೀಲ್ಸನ್. ಅವನ ಹಿಂದಿನ ಅಧ್ಯಕ್ಷ ಜೆಫರ್ಸನ್ನನ ಮನೆಯಲ್ಲಿ ಕೆಲಸ ಮಾಡಿ ಪಳಗಿದ ಬಡಗಿಗಳು. ಗುಂಡಿಗೆ ಇಳಿಯುವ ಆಸೆ ಇಟ್ಟುಕೊಂಡು ಹೋಗಬೇಡಿ. ಮಂಟಪದಲ್ಲಿ ನಿಂತು ಕಾಲ ಕೆಳಗಿನ ಆಳವನ್ನು ಲೆಕ್ಕ ಹಾಕಿದರೆ ಸಾಕು: ಎರಡು ಮಹಡಿಯ ಮನೆಯನ್ನು ತಲೆಕೆಳಗಾಗಿ ಹೂತಂತೆ.

ಕಣ್ಣಿಗೆ ಅಂದವಾಗಿ ಕಾಣುವುದರ ಹಿಂದೆ ಕೆಲಸದ ಲೆಕ್ಕವೂ ಇದೆ. ಗುಮ್ಮಟ ಮಧ್ಯಾಹ್ನದ ಬಿಸಿಲನ್ನು ತಾನು ತಿನ್ನುತ್ತದೆ. ಕಂಬಗಳ ನಡುವೆ ಗಾಳಿಯಾಡುವುದರಿಂದ ಆ ಬಿಸಿ ಕೆಳಗೆ ನಿಲ್ಲದೆ ಹೋಗುತ್ತದೆ. ಮಾರಿಸ್ ಹುಲ್ಲು ತುಂಬಿದ ಸೂರಿನಿಂದ ಮಾಡಿಸಿದ ಕೆಲಸವನ್ನು ಇಲ್ಲಿ ನೆರಳು, ಗಾಳಿ ಎರಡೂ ಹಂಚಿಕೊಂಡಿವೆ. ಆದರೆ ಗುಂಡಿಯ ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿರಲೇಬೇಕು. ಜೂನಿನ ಈ ಜಿಗುಟು ಗಾಳಿ ಒಳಗೆ ಇಳಿದು ಗಡ್ಡೆಯ ಮೇಲೆ ಇಬ್ಬನಿಯಾದರೆ, ಹಾಗಾಗುವ ಒಂದೊಂದು ಗ್ರಾಂ ತೇವವೂ ಏಳು ಗ್ರಾಂ ಗಡ್ಡೆಯನ್ನು ಕರಗಿಸುವಷ್ಟು ಬಿಸಿ ಬಿಡುತ್ತದೆ. ಹಾಗಾಗಿ ಕಿಂಡಿ ತೆರೆಯಲು ಬೆಳಗಿನ ತಂಪು ಹೊತ್ತೇ ಸರಿ, ಅದೂ ಬೇಕಾದಷ್ಟು ಕಡಿದು ಕೂಡಲೇ ಮುಚ್ಚುವಂತೆ.

ಮೂರೂವರೆಗೆ ಗುಡುಗು ಶುರುವಾಯಿತು. ಈ ತಿಂಗಳಲ್ಲಿ ಮಧ್ಯಾಹ್ನದ ಮಳೆ ಸಾಮಾನ್ಯ. ಬಯಲಿನ ನಡುವಿನ ಮಂಟಪ ಸಿಡಿಲಿಗೆ ಆಶ್ರಯವಲ್ಲ, ಕಾರಿಗೋ ಕಟ್ಟಡಕ್ಕೋ ಓಡಬೇಕು. ಮುಕ್ಕಾಲು ಗಂಟೆ ಸುರಿದು ನಿಂತ ಮೇಲೆ ಮತ್ತೆ ಬಂದು ನೋಡಿದರೆ, ಕಾಲುದಾರಿಯ ತಗ್ಗುಗಳಲ್ಲಿ ಚಹಾದ ಬಣ್ಣದ ನೀರು. ಅರ್ಧ ಗಂಟೆ ಕಾದರೂ ಅಂಗೈಯಗಲದ ಒಂದು ಗುಂಡಿಯ ನೀರು ಇಂಗಲಿಲ್ಲ. ಅಂಚು ಒಂದು ಕೂದಲೆಳೆ ಸರಿದಿತ್ತು, ಮೇಲೆ ಒಂದು ಎಲೆ ತೇಲುತ್ತಿತ್ತು. ಬೂಟಿಗೆ ಹತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದರೆ ಬೆಣ್ಣೆಯಂತೆ ಸುರುಳಿಯಾಗಿ ಬಂತು. ಇಂಥ ನೆಲದಲ್ಲಿ 24 ಅಡಿ ಇಳಿದ ಮೇಲೆ ಕರಗಿದ ನೀರು ತಾನಾಗಿ ಹೋಗುವುದಿಲ್ಲ. ಬಸಿಗಾಲುವೆಯೋ, ಪಂಪೋ, ಬಕೆಟ್ಟು ಹಿಡಿದು ಇಳಿಯುವ ಆಳೋ ಬೇಕು. ಕಾಲುವೆ ತೋಡಿದರೂ ಅದರ ಬಾಯಿ ತೆರೆದಿದ್ದರೆ ಹೊರಗಿನ ಬಿಸಿ ಗಾಳಿ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಬಾಗಿದ ಕೊಳವೆಯಲ್ಲಿ ಒಂದಿಷ್ಟು ನೀರು ಸದಾ ನಿಂತು ಗಾಳಿಗೆ ಅಡ್ಡವಾಗುವಂತೆ, ನಮ್ಮ ಬಚ್ಚಲಿನ ಬಾಗುಕೊಳವೆಯಂತೆಯೇ, ಮಾಡುವುದು ಬಲ್ಲವರ ಉಪಾಯ.

ನಾಲ್ಕನೇ ದಿನ: ಮಾಂಟಿಚೆಲ್ಲೊ

ಅದೇ ರೂಟ್ 20ರಲ್ಲಿ ಮುಂದುವರಿದರೆ ಮುಕ್ಕಾಲು ಗಂಟೆಯಲ್ಲಿ ಶಾರ್ಲಟ್ಸ್‌ವಿಲ್, ಅದರ ಪಕ್ಕದ ಬೆಟ್ಟದ ಮೇಲೆ ಥಾಮಸ್ ಜೆಫರ್ಸನ್ನನ ಮಾಂಟಿಚೆಲ್ಲೊ. ಇದೂ 1923ರಿಂದ ಖಾಸಗಿ ಪ್ರತಿಷ್ಠಾನದ್ದು. ಕೆಳಗಿನ ಕಟ್ಟಡದಿಂದ ಮೇಲಕ್ಕೆ ಬಸ್ಸಿದೆ, ಆದರೆ ಕಾಡಿನ ನಡುವೆ ನಡೆದು ಹತ್ತುವುದೇ ಮೇಲು: ರಿವಾನಾ ನದಿಯಿಂದ ಗಡ್ಡೆ ಹೊತ್ತ ಗಾಡಿಗಳು ಏರಿದ್ದು ಇಂಥ ಏರನ್ನೇ. ಜೆಫರ್ಸನ್ 1802ರಲ್ಲಿ ಕಟ್ಟಿಸಿದ ಐಸ್ ಹೌಸ್ ತುಂಬಲು 62 ಗಾಡಿ ಬೇಕಾದವು. ಮನೆಯ ಉತ್ತರ ಬದಿಯ ಕೆಳಗಿನ ಸಾಲಿನಲ್ಲೇ ಅದು ಇದೆ. 16 ಅಡಿ ಆಳದ ದುಂಡು ಗುಂಡಿ. ಮೇಲೆ ಮನೆ ನೋಡುವ ಗುಂಪುಗಳ ಗದ್ದಲವಿದ್ದರೂ ಕೆಳಗೆ ಜನ ಕಡಿಮೆ. ಬಗ್ಗಿ ನೋಡಿದಾಗ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಲು ಎರಡು ನಿಮಿಷ ಕೊಡಿ, ಮುಖಕ್ಕೆ ಹಸಿ ಕಲ್ಲಿನ ವಾಸನೆ ಬರುತ್ತದೆ, ಆಮೇಲೆ ಸುತ್ತುಗೋಡೆ ನಿಧಾನವಾಗಿ ಮೂಡುತ್ತದೆ.

1815ರಲ್ಲಿ ಇಲ್ಲಿನ ಗಡ್ಡೆ ಅಕ್ಟೋಬರ್ ಮಧ್ಯದವರೆಗೆ ಬಂದಿತ್ತು. ಮಾಂಸ, ಬೆಣ್ಣೆ ಕೆಡದಂತೆ ಇಡಲು, ವೈನ್ ತಂಪು ಮಾಡಲು, ಮತ್ತೆ ಐಸ್ ಕ್ರೀಮಿಗೆ. ಜೆಫರ್ಸನ್ನನ ಕೈಬರಹದಲ್ಲೇ ಐಸ್ ಕ್ರೀಮ್ ಮಾಡುವ ಕ್ರಮ ಉಳಿದಿದೆ. ಕ್ರಮ ಬರೆದದ್ದು ಅವನು. ಈ ಮನೆಯಲ್ಲಿ ಫ್ರೆಂಚ್ ಅಡುಗೆ ಹಿಡಿದವನು ಜೇಮ್ಸ್ ಹೆಮಿಂಗ್ಸ್. ಗುಲಾಮನಾಗಿಯೇ 1784ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದ ಬಾಣಸಿಗ. ತನ್ನ ತಮ್ಮ ಪೀಟರನಿಗೆ ಎಲ್ಲ ಕಲಿಸಿಕೊಟ್ಟ ಮೇಲೆ, 1796ರಲ್ಲಿ ಬಿಡುಗಡೆ ಪಡೆದ.

ಜೆಫರ್ಸನ್ ಬರೆದಿಟ್ಟ ಕ್ರಮ ಹೀಗಿದೆ: ಎರಡು ಬಾಟಲಿ ಒಳ್ಳೆಯ ಕೆನೆ, ಆರು ಮೊಟ್ಟೆಯ ಹಳದಿ, ಅರ್ಧ ಪೌಂಡ್ ಸಕ್ಕರೆ, ಒಂದು ವೆನಿಲಾ ಕಡ್ಡಿ. ಹಳದಿ ಸಕ್ಕರೆ ಕದಡಿಡಬೇಕು. ಕೆನೆಗೆ ವೆನಿಲಾ ಹಾಕಿ ಒಲೆಗಿಟ್ಟು, ಕುದಿ ಬರುವ ಹೊತ್ತಿಗೆ ಇಳಿಸಿ, ಹಳದಿಯ ಮೇಲೆ ನಿಧಾನವಾಗಿ ಹೊಯ್ಯಬೇಕು. ಒಮ್ಮೆಲೇ ಸುರಿದರೆ ಮೊಟ್ಟೆ ಗಂಟುಗಟ್ಟುತ್ತದೆ. ಮತ್ತೆ ಒಲೆಗಿಟ್ಟು ತಳ ಹಿಡಿಯದಂತೆ ಕೈಯಾಡಿಸಿ, ಕುದಿಯುವ ಮುಂಚೆ ಇಳಿಸಿ ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕುವುದು. ಬಕೆಟ್ಟಿನ ಮಂಜುಗಡ್ಡೆಗೆ ಒಂದು ಹಿಡಿ ಉಪ್ಪು, ಮುಚ್ಚಳದ ಮೇಲೂ ಉಪ್ಪು, ಎಲ್ಲ ಮುಚ್ಚುವಂತೆ ಗಡ್ಡೆ. ಏಳೆಂಟು ನಿಮಿಷ ಅಲ್ಲಾಡಿಸದೆ ಬಿಟ್ಟು, ಆಮೇಲೆ ಡಬ್ಬಿಯನ್ನು ಹತ್ತು ನಿಮಿಷ ತಿರುಗಿಸಬೇಕು. ತೆರೆದು, ಅಂಚಿಗೆ ಹಿಡಿದದ್ದನ್ನು ಚಪ್ಪಟೆ ಸೌಟಿನಿಂದ ಬಿಡಿಸಿ ನಡುವಿಗೆ ತಂದು ಮತ್ತೆ ಮುಚ್ಚಿ ತಿರುಗಿಸುವುದು, ಗಟ್ಟಿಯಾಗುವವರೆಗೆ. ಅಂಚು ಬಿಡಿಸುವುದನ್ನು ಮರೆತರೆ ಹೊರಗೆ ಕಲ್ಲು, ನಡುವೆ ಹಾಲು. ತೆರೆಯುವಾಗ ಮುಚ್ಚಳದ ಉಪ್ಪನ್ನು ಒರೆಸದಿದ್ದರೆ ಇಡೀ ಡಬ್ಬಿ ಹಾಳು. ಕೊನೆಗೆ ಅಚ್ಚಿಗೆ ತುಂಬಿ, ಮೊಣಕಾಲ ಮೇಲೆ ತಟ್ಟಿ ಕೂರಿಸಿ, ಬಡಿಸುವವರೆಗೂ ಅದೇ ಮಂಜುಗಡ್ಡೆಯಲ್ಲಿ ಇಡಬೇಕು.

ಬಾಡಿಗೆ ಮನೆಯ ಹಿತ್ತಿಲಿನಲ್ಲಿ ಸಂಜೆ ಇದನ್ನು ಅರ್ಧ ಪ್ರಮಾಣಕ್ಕೆ ಮಾಡಿದಾಗ ಎರಡು ಚೀಲ ಮಂಜುಗಡ್ಡೆ ಹಿಡಿಯಿತು. ಇಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಾಲ್ಕು ದಿನ ಯಾವ ನೀರನ್ನು ಗಡ್ಡೆಯಿಂದ ದೂರವಿಡಲು ಅಷ್ಟೆಲ್ಲ ಕಟ್ಟಿದ್ದನ್ನು ನೋಡಿದೆವೋ, ಬಕೆಟ್ಟಿನಲ್ಲಿ ಬೇಕಾದದ್ದು ಅದೇ ನೀರು. ಗಡ್ಡೆಯ ಚೂರು ಡಬ್ಬಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ; ಕರಗಿದ ಉಪ್ಪುನೀರು ಡಬ್ಬಿಯ ಮೈಯನ್ನೆಲ್ಲ ಅಪ್ಪಿ, ಸೊನ್ನೆಗಿಂತ ಎಷ್ಟೋ ಕೆಳಗಿಳಿದು, ಕೆನೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೊದಲು ಅಭ್ಯಾಸಬಲದಿಂದ ನೀರು ಬಸಿದುಬಿಟ್ಟಾಗ ಹತ್ತು ನಿಮಿಷ ತಿರುಗಿಸಿದರೂ ಕೆನೆ ತೆಳುವಾಗಿಯೇ ಉಳಿದಿತ್ತು. ಎರಡನೇ ಸಲ ನೀರು ಡಬ್ಬಿಯ ಅರ್ಧಕ್ಕೆ ಬರುವಂತೆ ಬಿಟ್ಟಾಗ ಸೌಟು ನಿಲ್ಲುವಷ್ಟು ಗಟ್ಟಿಯಾಯಿತು. ಅಷ್ಟು ಹೊತ್ತಿಗೆ ಬೇಲಿಯ ಉದ್ದಕ್ಕೂ ಮಿಂಚುಹುಳಗಳು ಏಳತೊಡಗಿದ್ದವು. ತಿಂದಾದ ಮೇಲೆ ಬಕೆಟ್ಟಿನ ಉಪ್ಪುನೀರನ್ನು ಹುಲ್ಲಿಗೆ ಚೆಲ್ಲಬೇಡಿ, ಸುಟ್ಟುಹೋಗುತ್ತದೆ. ಬಚ್ಚಲಿಗೆ ಸುರಿದು, ಮೇಲೆ ಎರಡು ಚೊಂಬು ನೀರು ಹಾಕಿ.